ರೋಸ್ವಿತಾಳ ಬಾಟಲಿಯಲ್ಲಿ ಗುಲಾಬಿ

ಶನಿವಾರ ಬೆಳಿಗ್ಗೆ ಎಂಟೂವರೆಗೆ ರೋಸ್ವಿತಾ ಮಾಂಡ್ಲ್ ಮೆಟ್ಟಿಲು ಹತ್ತಿ ಬಂದಾಗ ಏಗೊನ್ ಹಾಬ್ಲಿಕ್ ಇನ್‌ಸ್ಪೆಕ್ಟರಮ್ಮನಿಗೆ ಪತ್ರಿಕೆ ಓದಿ ಹೇಳುತ್ತಿದ್ದ. ಟ್ರಾಮ್ ಓಡಿಸಿ ನಿವೃತ್ತನಾದವನಿಗೆ ಅದು ನಿತ್ಯದ ಕೆಲಸ. ಇನ್‌ಸ್ಪೆಕ್ಟರಮ್ಮ ಎಂದರೆ ಓಟಿಲಿಯೆ ಪ್ರಮ್ಮರ್, ಮೂವತ್ತು ವರ್ಷ ವೈನ್ ತಪಾಸಣೆ ಮಾಡಿದವರು. ನಿವೃತ್ತರಾಗಿ ಒಂಬತ್ತು ವರ್ಷವಾದರೂ ವಿಯೆನ್ನಾದ ಅಂಚಿನ ಸೀಫರಿಂಗ್‌ನಲ್ಲಿ ಅವರನ್ನು ಹುದ್ದೆಯಿಂದಲೇ ಕರೆಯುತ್ತಿದ್ದರು. ಎರಡು ವರ್ಷದ ಹಿಂದಿನ ಜ್ವರದಲ್ಲಿ ಅವರಿಗೆ ವಾಸನೆಯ ಅರಿವು ಹೊರಟುಹೋಗಿತ್ತು. ಅಂದಿನಿಂದ ಏಗೊನ್‌ನೇ ಅವರ ಮೂಗು.

ಕೆಳಗಿನ ಅಂಗಳದಲ್ಲಿ ತಾನೇ ಬೆಳೆದ ದ್ರಾಕ್ಷಿಯ ವೈನ್ ಮಾರುವ ವಿಧವೆ ರೋಸ್ವಿತಾ. ಅವಳು ಒಂದು ಪತ್ರವನ್ನು ಮೇಜಿನ ಮೇಲಿಟ್ಟಳು. "ಓದಿ. ನಾನು ಮೋಸಗಾತಿಯಂತೆ."

ಬೆಳೆಗಾರರ ರುಚಿಮಂಡಳಿಯ ಪತ್ರವದು. ಅವಳು ಕಳಿಸಿದ ಮಿಶ್ರ ಬಿಳಿ ವೈನ್‌ನಲ್ಲಿ ಗುಲಾಬಿ ಪರಿಮಳ ಉಳಿದೆಲ್ಲವನ್ನೂ ಮೀರಿ ನಿಂತಿದೆ. ತಳಿಗಳನ್ನು ಬೇರೆಬೇರೆ ಹಿಂಡಿ ನೆಲಮಾಳಿಗೆಯಲ್ಲಿ ಬೆರೆಸಿದಂತಿದೆ. ಸೀಫರಿಂಗ್‌ನಲ್ಲಿ ಇದಕ್ಕಿಂತ ದೊಡ್ಡ ದೂರಿಲ್ಲ. ಅಲ್ಲಿ ತಳಿಗಳು ಬೆರೆಯುವುದು ತೋಟದಲ್ಲಿ. ಒಂದೇ ಗುಡ್ಡದಲ್ಲಿ ಬೆಳೆದದ್ದನ್ನು ಒಂದೇ ದಿನ ಕೊಯ್ದು ಒಟ್ಟಿಗೆ ಹಿಂಡಿದರೆ ಮಾತ್ರ ಮಿಶ್ರ ವೈನ್ ಎಂಬ ಹೆಸರು.

"ಸೋಮವಾರ ಮಠದವರು ನನ್ನ ತೋಟ ಇರೋ ಗುಡ್ಡದ ಗುತ್ತಿಗೆ ಮುಂದುವರಿಸ್ಬೇಕು. ಹೆಸರು ಕಳ್ಕೊಂಡವಳಿಗೆ ಅವರು ಕೊಡಲ್ಲ. ಇಪ್ಪತ್ತಾರು ವರ್ಷ ದುಡಿದ ಗುಡ್ಡ, ಇನ್‌ಸ್ಪೆಕ್ಟರಮ್ಮ."

"ಗುಲಾಬಿ ಅಂದ್ರೆ ಟ್ರಾಮಿನರ್ ದ್ರಾಕ್ಷಿ. ನಿಮ್ಮ ಮೇಲಿನ ಸಾಲುಗಳಲ್ಲಿ ಇದೆಯಲ್ಲ?" ಎಂದರು ಇನ್‌ಸ್ಪೆಕ್ಟರಮ್ಮ.

ರೋಸ್ವಿತಾ ಕೆಳಗೆ ನೋಡಿದಳು. "ಗಿಡ ಇದೆ. ಕೊಯ್ಲಿಗೆ ಎರಡು ದಿನ ಮುಂಚೆ ಕಾಡುಹಂದಿ ನುಗ್ಗಿ ಒಂದು ಗೊಂಚಲೂ ಬಿಡದೆ ತಿಂದುಹಾಕ್ತು. ಬೇಲಿ ಕಟ್ಟಿಸಿ ಅಂತ ನಮ್ಮ ಕೆಲಸದ ಗೋರಾನ್ ಹೇಳ್ತಾನೇ ಇದ್ದ, ನಾನು ಕೇಳಿರಲಿಲ್ಲ. ನಾಚಿಕೆಯಾಗಿ, ಕೊಯ್ಲಿಗೆ ಬಂದವರಿಗೆಲ್ಲ ಹೊರಗೆ ಹೇಳ್ಬೇಡಿ ಅಂದೆ. ಈ ವರ್ಷದ ವೈನ್‌ನಲ್ಲಿ ಗುಲಾಬಿ ಇರೋಕೇ ಸಾಧ್ಯವಿಲ್ಲ."

ಬಾಟಲಿ ಮೂರು ಕೈ ದಾಟಿತ್ತು. ಪೀಪಾಯಿಯಿಂದ ತುಂಬಿದವನು ಕೆಲಸಗಾರ ಗೋರಾನ್. ಬಿರಡೆ ಹಾಕಿ ಕುತ್ತಿಗೆಗೆ ಚೀಟಿ ಕಟ್ಟಿದವನು ಅಳಿಯ ಕ್ವಿರಿನ್. ಬೀದಿಯ ಎಲ್ಲರ ಬಾಟಲಿಗಳ ಜೊತೆ ಅದನ್ನು ವ್ಯಾನಿನಲ್ಲಿ ಮಂಡಳಿಗೆ ಒಯ್ದವನು ಪಕ್ಕದ ತೋಟದ ಲಾಂಬರ್ಟ್ ಓಯ್ಗ್ನರ್. ಗುಡ್ಡದ ಗುತ್ತಿಗೆಗೆ ಎರಡನೇ ಅರ್ಜಿ ಅವನದೇ. ಆದರೆ ಅದು ಗುಟ್ಟೇನಲ್ಲ, ಅರ್ಜಿ ಹಾಕುವುದು ತಪ್ಪೂ ಅಲ್ಲ.

ಮಂಡಳಿ ಹಿಂದಿರುಗಿಸಿದ್ದ ಅರ್ಧ ಬಾಟಲಿಯನ್ನು ಏಗೊನ್ ಮೂಸಿದ. ಗುಲಾಬಿಯೇ. ಪೀಪಾಯಿಯದನ್ನು ಮೂಸಿದ. ಕರಿಮೆಣಸು, ಹಸಿರು ಸೇಬು, ನಿಂಬೆಸಿಪ್ಪೆ.

"ಇವೆರಡೂ ನೆಂಟರಲ್ಲ, ಇನ್‌ಸ್ಪೆಕ್ಟರಮ್ಮ."

"ಮಂಡಳಿಯವರು ಪೀಪಾಯಿ ಬದಲಾಯಿಸಿದ್ರಿ ಅಂತಾರೆ. ಮೂಗಿನ ಸಾಕ್ಷಿ ಸಾಲದು, ಏಗೊನ್. ತಟ್ಟೆಗಳು ಬೇಕು."

ಮಧ್ಯಾಹ್ನ ಅಂಗಡಿಗೆ ರಜೆ. ಅಂಗಳದ ಉದ್ದ ಮೇಜಿಗೆ ಮೂವರನ್ನೂ ಕರೆಸಿದರು. ಮೇಜಿನ ಮೇಲೆ ವಿನೆಗರ್, ಈರುಳ್ಳಿ ಹಾಕಿದ ಹಂದಿಮಾಂಸದ ತಣ್ಣನೆ ಜೆಲ್ಲಿ, ಮುಲ್ಲಂಗಿ ತುರಿಯ ಜೊತೆ ಹ್ಯಾಮ್, ಬಾತುಕೋಳಿ ಈಲಿಯ ನುಣ್ಣನೆ ಮುದ್ದೆ, ಗಬ್ಬು ವಾಸನೆಯ ಹಳೆ ಚೀಸ್. ಕುಡಿಯಲು ಏನೂ ಇರಲಿಲ್ಲ.

"ಇದೆಂಥ ಆತಿಥ್ಯ?" ಎಂದ ಲಾಂಬರ್ಟ್. ಊರುಗೋಲನ್ನು ಬೆಂಚಿಗೆ ಒರಗಿಸಿ ನಿಧಾನವಾಗಿ ಕೂತ. "ಸೆಪ್ಟೆಂಬರಲ್ಲಿ ಸೊಂಟದ ಕೀಲು ಹೊಸದು ಹಾಕಿದಾಗ ಆಸ್ಪತ್ರೆಯಲ್ಲೂ ಇದಕ್ಕಿಂತ ಚೆನ್ನಾಗಿ ನೋಡ್ಕೊಂಡ್ರು."

"ವೈನ್ ಆಮೇಲೆ," ಎಂದರು ಇನ್‌ಸ್ಪೆಕ್ಟರಮ್ಮ. "ರೋಸ್ವಿತಾಳ ಈ ವರ್ಷದ ಮಿಶ್ರ ವೈನ್ ಜೊತೆ ಇದರಲ್ಲಿ ಯಾವುದನ್ನ ತಿನ್ನಬೇಕು? ಬಾಯಿಬಿಡದೆ ಒಂದೊಂದು ತಟ್ಟೆ ಎಳ್ಕೊಳ್ಳಿ."

ಗೋರಾನ್ ಜೆಲ್ಲಿಯನ್ನು ಎಳೆದುಕೊಂಡ. ಕ್ವಿರಿನ್ ಹ್ಯಾಮ್ ತೆಗೆದ. ಲಾಂಬರ್ಟ್ ಈಲಿಯ ಮುದ್ದೆ ಮತ್ತು ಚೀಸ್ ಎರಡನ್ನೂ ಎಳೆದುಕೊಂಡ.

"ಮಾಂಡ್ಲ್ ವೈನಿಗೆ ಯಾವಾಗಲೂ ಇದೇ," ಎಂದ. "ಗುಲಾಬಿ ಇರೋ ವೈನಿಗೆ ವಿನೆಗರ್ ಕೊಡೋನು ದಡ್ಡ."

ಗೋರಾನ್ ತಲೆ ಎತ್ತಲಿಲ್ಲ. "ದಡ್ಡ ನಾನೇ ಇರ್ಲಿ ಬಿಡಿ."

ಇನ್‌ಸ್ಪೆಕ್ಟರಮ್ಮ ಪೀಪಾಯಿಯ ವೈನನ್ನು ಲೋಟಕ್ಕೆ ಸುರಿದು ಲಾಂಬರ್ಟ್‌ನ ಮುಂದಿಟ್ಟರು. ಅವನು ಮೂಸಿದ, ಲೋಟ ತಿರುಗಿಸಿ ಮತ್ತೆ ಮೂಸಿದ. ಅವನ ಮುಖದ ಬಣ್ಣ ಇಳಿದದ್ದನ್ನು ಏಗೊನ್ ಕಂಡ.

"ಹುಡುಕಬೇಡಿ, ಗುಲಾಬಿ ಇಲ್ಲ," ಎಂದರು ಅವರು. "ಟ್ರಾಮಿನರನ್ನೆಲ್ಲ ಹಂದಿ ತಿಂದಿತ್ತು. ಕೊಯ್ಲಿಗೆ ಬಂದವರಿಗೆಲ್ಲ ಅದು ಗೊತ್ತು. ಗೋರಾನ್, ಕ್ವಿರಿನ್ ಇಬ್ಬರೂ ಆ ಬರಿ ಸಾಲುಗಳನ್ನ ದಾಟಿಕೊಂಡೇ ಬುಟ್ಟಿ ಹೊತ್ತಿದ್ದು. ಅದಕ್ಕೇ ಅವರು ಹುಳಿ, ಖಾರದ ವೈನಿಗೆ ಹೊಂದೋ ಜೆಲ್ಲಿ, ಹ್ಯಾಮ್ ಎಳ್ಕೊಂಡ್ರು; ಈಲಿ, ಚೀಸ್ ಹೊಂದೋದು ಗುಲಾಬಿ ವೈನಿಗೆ. ಮಂಡಳಿಗೆ ಹೋದ ಬಾಟಲಿ ಮಾಡಿದವನಿಗೆ ಹಂದಿ ವಿಷಯ ಗೊತ್ತಿರಲಿಲ್ಲ. ಅವನ ಉದ್ದೇಶ ಸರಳ. ರುಚಿ ರೋಸ್ವಿತಾಳದೇ ಅನ್ನಿಸ್ಬೇಕು, ಆದ್ರೆ ಬೆರೆಸಿದ್ದು ಅಂತ ಗೊತ್ತಾಗ್ಬೇಕು. ಹಾಗಾಗಿ ಅವಳ ಗುಡ್ಡದಲ್ಲಿರೋ ತಳಿಗಳನ್ನೇ ಲೆಕ್ಕಹಾಕಿ ಬೆರೆಸಿದ. ಕೊಯ್ಲಿನ ವಾರ ನೀವು ಆಸ್ಪತ್ರೆಯಲ್ಲಿದ್ರಿ, ಲಾಂಬರ್ಟ್."

"ಒಂದು ತಟ್ಟೆ ಚೀಸ್ ತಿಂದರೆ ಅಪರಾಧವಾ?"

"ಅಲ್ಲ. ಚೀಸ್ ಹೇಳಿದ್ದು ಅರ್ಧ ಮಾತ್ರ. ಉಳಿದರ್ಧಕ್ಕೆ, ಈ ಬೀದಿಯಲ್ಲಿ ಟ್ರಾಮಿನರನ್ನ ಬೇರೆಯಾಗಿ ಪೀಪಾಯಿಗೆ ಹಾಕೋರು ನೀವೊಬ್ಬರೇ. ಮಂಡಳಿಯ ಬಾಟಲಿಯನ್ನೂ ನಿಮ್ಮ ಪೀಪಾಯಿಯದನ್ನೂ ಪ್ರಯೋಗಾಲಯಕ್ಕೆ ಕಳಿಸ್ಬಹುದು. ಬುಧವಾರ ಉತ್ತರ ಬರುತ್ತೆ. ಗುತ್ತಿಗೆ ಸೋಮವಾರ. ನೀವು ಈಗಲೇ ಹೇಳಿದ್ರೆ ಎಲ್ಲರಿಗೂ ಅನುಕೂಲ."

ಲಾಂಬರ್ಟ್ ಲೋಟವನ್ನು ಪಕ್ಕಕ್ಕೆ ಸರಿಸಿದ. "ವ್ಯಾನಿನಲ್ಲಿ ಚೀಟಿ ಬಿಚ್ಚಿ ನನ್ನ ಬಾಟಲಿಗೆ ಕಟ್ಟಿದೆ," ಎಂದ. "ನನ್ನ ತೋಟ ಆ ಗುಡ್ಡದ ನೆರಳಲ್ಲಿದೆ. ಮಧ್ಯಾಹ್ನ ಮೂರಕ್ಕೆ ಬಿಸಿಲು ಹೋಗುತ್ತೆ. ಇಪ್ಪತ್ತಾರು ವರ್ಷ ಕೆಳಗೆ ನಿಂತು ಅವಳ ಬಿಸಿಲು ನೋಡಿದ್ದೀನಿ."

ಕ್ವಿರಿನ್ ಎದ್ದು ನಿಂತ. ರೋಸ್ವಿತಾ ಅವನ ತೋಳು ಹಿಡಿದು ಕೂರಿಸಿದಳು.

ಏಗೊನ್ ಕಾಗದ ತಂದ. ಮಂಡಳಿಗೆ ಲಾಂಬರ್ಟ್ ಬರೆದದ್ದು ಎಂಟು ಸಾಲು, ಅದರಲ್ಲಿ ನೆಪವಿರಲಿಲ್ಲ. ನಾಲ್ಕು ಗಂಟೆಯೊಳಗೆ ಗೋರಾನ್ ಅದನ್ನು ಪಟ್ಟಣಕ್ಕೆ ಒಯ್ದ. ಸೋಮವಾರ ಮಠ ಗುತ್ತಿಗೆಯನ್ನು ಇನ್ನು ಹನ್ನೆರಡು ವರ್ಷಕ್ಕೆ ರೋಸ್ವಿತಾಳ ಹೆಸರಿಗೇ ಬರೆಯಿತು.

ಆದರೆ ಏಗೊನ್‌ಗೆ ನೆನಪಿನಲ್ಲಿ ಉಳಿದದ್ದು ಶನಿವಾರವೇ. ಲಾಂಬರ್ಟ್ ಊರುಗೋಲಿಗೆ ಕೈಹಾಕಿದಾಗ ರೋಸ್ವಿತಾ ಜೆಲ್ಲಿಯ ತಟ್ಟೆಯನ್ನು ಅವನತ್ತ ದೂಡಿದಳು.

"ತಿಂದು ಹೋಗಿ. ನನ್ನ ವೈನ್ ಹೇಗಿದೆ ಅಂತ ಗೊತ್ತಿಲ್ಲದೇನೇ ನೀವು ಅದರ ನಕಲು ಮಾಡೋಕೆ ಹೊರಟಿದ್ದು."

ಅವನು ತಿಂದ, ಒಂದು ಗುಟುಕು ಕುಡಿದ.

"ಹೊಂದುತ್ತೆ," ಎಂದ.

"ಮುಂದಿನ ಸೆಪ್ಟೆಂಬರ್‌ನಲ್ಲಿ ಕೊಯ್ಲಿಗೆ ಬನ್ನಿ," ಎಂದಳು ರೋಸ್ವಿತಾ. "ಬಾಟಲಿಗಳನ್ನ ಮಾತ್ರ ಗೋರಾನ್ ಒಯ್ತಾನೆ."