ಬಾಣಂತಿಮನೆಯ ಗವಾಕ್ಷ

"ಎಲೆ ಹೂವಾಡಗಿತ್ತಿ, ಅರಮನೆಗೆ ದಾರಿ ಯಾವುದಮ್ಮ? ಇದೇ ಆನೆಸಾಲೆಯನ್ನು ಸುತ್ತಿ ಸುತ್ತಿ ಬರುತ್ತಿದ್ದೇನೆ."

"ಹಾಗಾದರೆ ಆನೆಗಳಿಗೂ ನಿಮ್ಮ ಗುರುತು ಸಿಕ್ಕಿರಬೇಕು, ಅವ್ವ! ರತ್ನದಂಗಡಿಗಳನ್ನು ದಾಟಿ, ಹೊನ್ನಕಳಸ ಮಿನುಗುವ ಕಡೆ ನಡೆಯಿರಿ."

ಸಪ್ತಪ್ರಾಕಾರಗಳಿಂದ ಶೋಭಿಸುವ ಮಣಿಕೂಟಪುರದಲ್ಲಿ, ಕಸ್ತೂರಿಯ ಕಂಪೂ ಕುದುರೆಲದ್ದಿಯ ನಾತವೂ ಬೆರೆತ ರಾಜಬೀದಿಯಲ್ಲಿ ಹೀಗೆ ದಾರಿತಪ್ಪಿದವಳು ಚಾಗಲೆ. ದೇಶದೇಶ ಅಲೆದ ಸೂಲಗಿತ್ತಿ. ಅರಮನೆಯ ಸೂಲಗಿತ್ತಿ ಮಾಳಲೆ ಅವಳ ಸಹಪಾಠಿನಿ. ಹಿಂದೆ ಸಿಡುಬು ಬಡಿದು, ಜೊತೆಯ ಪಯಣಿಗರು ಚಾಗಲೆಯನ್ನು ಕಾಡಿನಲ್ಲೇ ಬಿಟ್ಟು ಹೋದಾಗ ಬೆನ್ನ ಮೇಲೆ ಹೊತ್ತು ತಂದು ಬದುಕಿಸಿದವಳು ಮಾಳಲೆ. ಆ ಋಣ ಚಾಗಲೆಗೆ ಮುಳ್ಳು. ಅರಮನೆ ಮಾಳಲೆಗೆ ಕೊಟ್ಟ ಪಲ್ಲಕ್ಕಿ ಅದಕ್ಕಿಂತ ದೊಡ್ಡ ಮುಳ್ಳು.

ಈಗ ಮಾಳಲೆ ಸೆರೆಯಲ್ಲಿದ್ದಳು. ಹೊಸದಾಗಿ ಹೆತ್ತ ಕಿರಿಯ ರಾಣಿ ಪದೇ ಪದೇ ಮೂರ್ಛೆ ಹೋಗುತ್ತಿದ್ದಳು, ಮಾಳಲೆಯೇ ವಿಷವಿಟ್ಟಳೆಂಬ ಶಂಕೆ. ಪರೀಕ್ಷಿಸಲೆಂದು ಚಾಗಲೆಗೆ ಕರೆಕಳುಹಿಸಿದವನು ಪ್ರಧಾನ ದಾಮರಸ.

"ವಿಷವೆಂದು ಒಂದು ಮಾತು ನುಡಿಯಿರಿ, ಸಾಕು," ಎಂದ ಅವನು, ಮೀಸೆಯಡಿ ನಗುತ್ತ. "ನಮ್ಮ ಗುಟ್ಟುಗಳನ್ನು ಅರಸರಿಗೆ ಮುಟ್ಟಿಸುವ ಆ ಹೆಂಗಸಿಗೆ ಶೂಲ, ತಮಗೆ ಪಲ್ಲಕ್ಕಿ."

ಚಾಗಲೆಯ ಮನಸ್ಸು ಪಲ್ಲಕ್ಕಿಯೇರಿ ನಗರವನ್ನು ಒಂದು ಸುತ್ತು ಬಂದೇಬಿಟ್ಟಿತು.

ಬಾಣಂತಿಮನೆಯಲ್ಲಿ, ಗಾಳಿ ಸೋಕಿದರೆ ಬಾಣಂತಿಗೆ ಸನ್ನಿಯೆಂದು ಗವಾಕ್ಷಗಳಿಗೆಲ್ಲ ಮೇಣ ಮೆತ್ತಿತ್ತು, ಬಾಗಿಲಿಗೆ ಕಂಬಳಿ, ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ. ಒಳಗೆ ಕುಳಿತ ಸ್ವಲ್ಪ ಹೊತ್ತಿಗೆ ಚಾಗಲೆಯ ತಲೆಯೇ ಸಿಡಿಯತೊಡಗಿತು.

"ಸ್ನಾನಕ್ಕೆ ಹೊರಗೊಯ್ದರೆ ಅಮ್ಮನವರು ಚೇತರಿಸಿಕೊಳ್ಳುತ್ತಾರೆ," ಎಂದಳು ದಾಸಿ. "ಒಳಗೆ ಮಲಗಿಸಿದರೆ ಮತ್ತೆ ಕುಸಿಯುತ್ತಾರೆ. ಆಗೆಲ್ಲ ಮಾಳಲಕ್ಕ ಅಳುತ್ತ ಇನ್ನಷ್ಟು ಕೆಂಡ ಹಾಕಿಸುತ್ತಿದ್ದರು. ಈಗಲೂ ಹಾಗೆಯೇ ನಡೆಸುತ್ತಿದ್ದೇವೆ."

ವಿಷ ಬಟ್ಟಲಲ್ಲಿರಲಿಲ್ಲ, ಮುಚ್ಚಿದ ಕೋಣೆಯಲ್ಲಿ ಕೆಂಡ ಕೆಡಿಸಿದ ಉಸಿರಿನಲ್ಲಿತ್ತು. ಚಾಗಲೆ ಒನಕೆಯೆತ್ತಿ ಗವಾಕ್ಷವನ್ನು ಒಡೆದಳು.

"ರಾಣಿಯವರಿಗೆ ಶೀತ ತಗುಲಿದರೆ ನಿನ್ನ ತಲೆ ಉಳಿಯದು!" ಸದ್ದಿಗೆ ಓಡಿಬಂದು ಅಬ್ಬರಿಸಿದ ದಾಮರಸ.

"ಈಗಾಗಲೇ ಅರ್ಧ ಹೋಗಿದೆ, ಸ್ವಾಮಿ."

ಸಂಜೆಗೆ ರಾಣಿ ಗಂಜಿ ಕೇಳಿದಳು. ಕೂಸು ಗಟ್ಟಿಯಾಗಿ ಅತ್ತಿತು.

"ಕೋಣೆ ಮುಚ್ಚಿಸಿದವಳು ಮಾಳಲೆಯೇ ತಾನೆ?" ಸಭೆಯಲ್ಲಿ ಅರಸ ಕೇಳಿದ.

ಹೌದೆಂದರೆ ಸಾಕಿತ್ತು, ಸುಳ್ಳೂ ಆಗುತ್ತಿರಲಿಲ್ಲ.

"ಮಹಾಪ್ರಭು, ಊರೂರಲ್ಲಿ ನಾನೂ ಹಾಗೆಯೇ ಮುಚ್ಚಿಸಿದ್ದೇನೆ. ಬಡವರ ಗುಡಿಸಲಿನ ಸಂದುಗಳು ನನ್ನ ಮಾನ ಉಳಿಸಿದವು. ಅರಮನೆಯ ಗೋಡೆಗೆ ಸಂದಿಲ್ಲ. ಶಿಕ್ಷೆಯಿದ್ದರೆ ಇಬ್ಬರಿಗೂ ಆಗಲಿ. ವಿಷವೆನ್ನಲು ನನಗೆ ಪಲ್ಲಕ್ಕಿಯ ಆಸೆ ತೋರಿಸಿದ ಪ್ರಧಾನರೂ ಇಲ್ಲೇ ಇದ್ದಾರೆ, ಅವರನ್ನೂ ವಿಚಾರಿಸಬೇಕು."

ದಾಮರಸನ ಮುಖ ಬಿಳಿಚಿತು. ಮಾಳಲೆಯ ಸಂಕೋಲೆ ಅಂದೇ ಕಳಚಿತು.

"ನನ್ನ ಜೊತೆಯೇ ಇದ್ದುಬಿಡೇ, ಚಾಗಿ," ಎಂದು ಮಾಳಲೆ ಅವಳ ಕೈಹಿಡಿದಳು.

"ನಿನ್ನ ಪಲ್ಲಕ್ಕಿಯನ್ನು ದಿನವೂ ನೋಡಿಕೊಂಡೇ? ಸತ್ತೇಹೋದೇನು! ನೀನು ಹೊತ್ತು ತಂದ ಋಣ ಇಂದಿಗೆ ತೀರಿತು, ಮಾಳಿ. ಹೊಟ್ಟೆಯುರಿ ಮಾತ್ರ ನನ್ನದೇ. ಅದನ್ನು ನಾನೇ ಹೊತ್ತುಕೊಂಡು ಹೋಗುತ್ತೇನೆ."