ಕರಿದಾರದ ರಬ್ಬರು

ಹಾಲಿನ ಕರಿಬಸಮ್ಮ ಎಂದಿನಂತೆ ಚೊಂಬಿನ ತುಂಬ ಹಾಲು ಹಾಕಿದಳು. ಆಮೇಲೆ ನೆನಪಾಗಿ ಅರ್ಧವನ್ನು ತನ್ನ ಪಾತ್ರೆಗೆ ಬಗ್ಗಿಸಿಕೊಂಡಳು. ಸರ್ವಮಂಗಳ ನೋಡುತ್ತ ನಿಂತಳು. ಗಂಡನನ್ನು ಹೊನ್ನಾಳಿಯ ಹೊಳೆದಂಡೆಯ ಮಣ್ಣಿಗೆ ಒಪ್ಪಿಸಿ, ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು ಅದು.

ಮಣ್ಣಿನ ದಿನದ್ದು ಅವಳಿಗೆ ನೆನಪಿದ್ದದ್ದು ಕಡಿಮೆ. ಶಾಲೆಯ ಮಕ್ಕಳು ಸಾಲಾಗಿ ಬಂದು ಗುಂಡಿಗೆ ಒಂದೊಂದು ಕಣಗಿಲೆ ಹೂವು ಹಾಕಿದ್ದರು. ಒಬ್ಬ ಹುಡುಗಿ ಮಾತ್ರ ಹತ್ತಿರ ಬಂದಿರಲಿಲ್ಲ. ಒಂದು ಕೈಯಲ್ಲಿ ಹೂವು ಹಿಡಿದು, ಇನ್ನೊಂದರಿಂದ ಬಾಯಿ ಮುಚ್ಚಿಕೊಂಡು ದೂರವೇ ನಿಂತಿದ್ದಳು.

ಬಿಸಿಲೇರುವ ಮೊದಲು ಶಾಲೆಯ ಜವಾನ ಮಾರಪ್ಪ ಬಂದು ಜಗಲಿಯ ಕೆಳಗೆ ಕುಳಿತ.

"ಅಮ್ಮಾರೆ, ನಾನು ಮಾರ್ಕಂಡಿಲ್ಲ. ಸಂಜಿಗೆ ಜವಾನನ ಬಿಲ್ಲೆ ಬಿಚ್ಚಿಟ್ಟು ಹೋಗು ಅಂದಾರೆ ಹೆಡ್‌ಮಾಸ್ತರು. ಈ ವಯಸ್ನಾಗೆ ಎಲ್ಲಿಗೆ ಹೋಗ್ಲಿ?"

ವಿಷಯ ಇಷ್ಟು. ಅವಳ ಗಂಡ ಶಿವಮೂರ್ತಪ್ಪ ಮೇಷ್ಟ್ರ ತರಗತಿಯ ಬೀರುವಿನಿಂದ ಮಕ್ಕಳ ಪ್ರಬಂಧಗಳ ಕಟ್ಟು ಕಾಣೆಯಾಗಿತ್ತು. ಯುದ್ಧದ ಕಾಲ, ಕಾಗದಕ್ಕೆ ಬರ. ಅಂಗಡಿಯವರು ಬರೆದ ಹಾಳೆಗೂ ಕಾಸು ಕೊಡುತ್ತಿದ್ದರು. ಕಸ ಗುಡಿಸುವವನೇ ಕಟ್ಟನ್ನು ಪೊಟ್ಟಣಕ್ಕೆ ಮಾರಿದನೆಂದು ಹೆಡ್‌ಮಾಸ್ತರು ಚಿತ್ತಪ್ಪನವರು ತೀರ್ಮಾನಿಸಿದ್ದರು.

ಸರ್ವಮಂಗಳ ಅವನನ್ನು ಪಕ್ಕದ ಮನೆಗೆ ಕರೆದೊಯ್ದಳು. ಅಲ್ಲಿದ್ದವರು ಮಲ್ಲಿಕಾರ್ಜುನಪ್ಪ. ಜಗಳೂರು, ಚನ್ನಗಿರಿಗಳಲ್ಲಿ ಪೊಲೀಸ್ ಜಮಾದಾರರಾಗಿ ನಿವೃತ್ತರಾದವರು. ಹೊನ್ನಾಳಿಯಲ್ಲಿ ಕೋಳಿ ಕಳೆದರೂ ಜನ ಮೊದಲು ಅವರ ಜಗಲಿ ಹತ್ತುತ್ತಿದ್ದರು.

"ಆ ಕಟ್ಟಿನಾಗೆ ಏನಿತ್ತು ತಾಯಿ?" ಎಂದರು.

ಅವಳು ಗಂಡನ ಪದ್ಧತಿಯನ್ನು ವಿವರಿಸಿದಳು. ತಿಂಗಳಿಗೊಂದು ಕವಿತೆ. ಅದರಲ್ಲಿ ಕಂಡದ್ದನ್ನು ಮಕ್ಕಳು ಹೆಸರು ಹಾಕದೆ ಬರೆಯಬೇಕು. ಹಾಳೆಗಳನ್ನು ಕಲಸಿ ಹಂಚಿದ ಮೇಲೆ, ಓದಿದವರು ಮೊದಲು ಹಿಡಿಸಿದ್ದನ್ನು, ಆಮೇಲೆ ಬರೆದವರ ಕಣ್ಣಿಗೆ ಬೀಳದ ಒಂದನ್ನು ಅಂಚಿನಲ್ಲಿ ಹೇಳಬೇಕು. ಎಲ್ಲವೂ ಪೆನ್ಸಿಲಿನಲ್ಲೇ. ಹಾಳೆ ತಿರುಗಿ ಬಂದಾಗ, ಆ ಮಾತು ಬೇಡವಾದರೆ ಅಳಿಸಬಹುದು. ಒಪ್ಪಿದರೆ ತನ್ನ ಸಾಲನ್ನೇ ಅಳಿಸಿ ಹೊಸದಾಗಿ ಬರೆಯಬಹುದು. ಮಕ್ಕಳು ಮಕ್ಕಳನ್ನು ತಿದ್ದುವುದು ಚಿತ್ತಪ್ಪನವರಿಗೆ ಹಿಡಿಸುತ್ತಿರಲಿಲ್ಲ.

"ಇನ್ನೊಂದಿದೆ, ದೊಡ್ಡಪ್ಪ. ಅವರೂ ಒಂದು ಬರೆದು ಮಕ್ಕಳ ಹಾಳೆಗಳ ನಡುವೆ ಸೇರಿಸುತ್ತಿದ್ದರು. ಮಕ್ಕಳಿಗೆ ಗೊತ್ತಿರಲಿಲ್ಲ."

ಜಮಾದಾರರು ಮೇಷ್ಟ್ರ ಕೋಟನ್ನು ತರಿಸಿದರು. ಜೇಬಿನಲ್ಲಿ ಕರಿದಾರ ಪೋಣಿಸಿದ ಒಂದು ಚೂರು ರಬ್ಬರಿತ್ತು. ಸರ್ವಮಂಗಳ ಅದನ್ನು ಎಂದೂ ನೋಡಿರಲಿಲ್ಲ. ಆ ಕೋಟನ್ನು ಕಡೆಯ ಸಲ ಹಾಕಿದ್ದು ಯಾವಾಗ ಎಂದು ಜಮಾದಾರರು ಕೇಳಿದರು.

"ಹಾಳೆ ಹಂಚಿದ ದಿನ. ಬೇಡವೆಂದರೂ ಹೋದರು. ಬೆಳಿಗ್ಗೆ ಕೋಟಿನ ಗುಂಡಿ ಹಾಕುವಾಗಲೇ ಅವರ ಮೈ ಕೆಂಡವಾಗಿತ್ತು. ಸಂಜೆ ಬಂದು ಮಲಗಿದವರು ಏಳಲಿಲ್ಲ."

ಮೂವರೂ ಶಾಲೆಗೆ ಹೋದರು. ಬೀದಿಯಲ್ಲಿ ಹೆಂಗಸರು ಅವಳ ಬೋಳು ಹಣೆಯನ್ನು ನೋಡಿ ಮುಖ ತಿರುಗಿಸಿದರು. ಬೀರುವಿನ ಬೀಗ ಒಡೆದಿರಲಿಲ್ಲ. ಬೀಗದ ಕೈ ಪಡಸಾಲೆಯ ಮೊಳೆಗೆ ತೂಗುತ್ತಿತ್ತು, ಯಾರಿಗಾದರೂ ಎಟಕುವಂತೆ. ಒಳಗೆ ಹೊಸ ಬಿಳಿ ಹಾಳೆಗಳು ಇದ್ದಂತೆಯೇ ಇದ್ದವು. ಕಟ್ಟು ಇದ್ದ ಜಾಗದಲ್ಲಿ ಒಂದು ಬಾಡಿದ ಕಣಗಿಲೆ ಬಿದ್ದಿತ್ತು.

ಮಧ್ಯಾಹ್ನ ಜಮಾದಾರರು ಎಲ್ಲರನ್ನೂ ಆ ಕೋಣೆಯಲ್ಲೇ ಸೇರಿಸಿದರು. ಚಿತ್ತಪ್ಪನವರು ಕುರ್ಚಿಯಲ್ಲಿ, ಮಾರಪ್ಪ ಬಾಗಿಲ ಬಳಿ, ಮಕ್ಕಳು ಮಣೆಗಳ ಮೇಲೆ.

"ಎಲ್ಲಾರೂ ನಿಮ್ ನಿಮ್ ರಬ್ಬರು ತೆಗೀರಪ್ಪ."

ಅಂಗಡಿಯಲ್ಲಿ ರಬ್ಬರು ಸಿಗದ ಕಾಲ. ಚೀಲದಿಂದ, ಕೊರಳಿನಿಂದ, ದಾರ ಕಟ್ಟಿದ ಚೂರುಗಳು ಹೊರಬಂದವು. ಹಿಂದಿನ ಸಾಲಿನ ಒಬ್ಬ ಹುಡುಗಿಯ ಕೈ ಮಾತ್ರ ಬರಿದಾಗಿತ್ತು. ನಿಂದೆಲ್ಲಿ ಎಂದು ಕೇಳಿದರೆ ಅವಳು ಬಾಯಿ ಬಿಡಲಿಲ್ಲ.

"ಭೀಮಕ್ಕ ಮಾತಾಡಲ್ರೀ," ಎಂದ ಮುಂದಿನ ಹುಡುಗ. "ಆಕಿದು ಕರಿನಾಲಿಗೆ. ಆಕಳ ಕರ ಸಾಯತೈತಿ ಅಂದ್ಲು, ಸತ್ತೇ ಹೋತು."

ಯಾರೋ ಕಿಸಕ್ಕೆಂದರು. ಸರ್ವಮಂಗಳಳಿಗೆ ಬಾಯಿ ಮುಚ್ಚಿ ನಿಂತಿದ್ದ ಆ ಕೈ ಗುರುತಾಯಿತು.

ಜಮಾದಾರರು ಚಿತ್ತಪ್ಪನವರ ಕಡೆ ತಿರುಗಿದರು. "ಕಾಗದ ಮಾರೋನು ಬಿಳೀ ಹಾಳೆ ಬಿಟ್ಟು ಹೋಗಲ್ಲ ಸ್ವಾಮಿ. ಹಾಳೆಗಳ ಮ್ಯಾಲಿನ ಸಿಟ್ಟಿಗೆ ಒಯ್ದೋರು ಹೂವು ಇಟ್ಟು ಹೋಗಲ್ಲ. ಒಯ್ದದ್ದು ದುಃಖ ಇದ್ದೋರು. ಎಲ್ಲಾರೂ ಹೂವು ಗುಂಡಿಗೆ ಹಾಕಿದ್ರು, ಒಬ್ಬಾಕಿ ಹತ್ರ ಬರಾಕೆ ಹೆದರಿ ಹೂವು ಇಟ್ಕಂಡೇ ಹೋದ್ಲು. ಮೇಷ್ಟ್ರ ಕೋಟಿನ ಜೇಬಿನಾಗೆ ಸಿಕ್ಕ ರಬ್ಬರು ಯಾರತ್ರ ಇಸ್ಕಂಡಿದ್ದು ಅಂತ ಈಗ ತಾನೇ ಎಲ್ಲಾರೂ ಕಂಡ್ರಿ. ರಬ್ಬರು ಕೊಟ್ಟಾಕಿ ಅದು ಯಾವ ಹಾಳಿ ಮ್ಯಾಲೆ ಓಡತೈತಿ ಅಂತ ನೋಡದೆ ಇರತಾಳಾ? ತಾನು ಓದಿದ ಹಾಳಿ ಮೇಷ್ಟ್ರದೇ ಅಂತ ಆಗ ಗೊತ್ತಾತು. ಆಮೇಲೆ ಅವ್ರು ಹೋಗಿಬಿಟ್ರು."

ಭೀಮಕ್ಕ ಚೀಲದಿಂದ ಕಟ್ಟನ್ನು ತೆಗೆದು ನೆಲದ ಮೇಲಿಟ್ಟಳು. ಗಂಟು ಬಿಚ್ಚಿರಲಿಲ್ಲ.

"ಸುಡಾಕೆ ಒಯ್ದೆ," ಎಂದಳು. ಎಷ್ಟೋ ದಿನ ಆಡದ ದನಿ ಒಡೆದಿತ್ತು. "ಅವ್ನು ಬರಲ್ಲ ಅಂತ ಬರ್ದಿದ್ದೆ. ನನ್ ಮಾತು ತಟ್ಟಬಾರ್ದು ಅಂತ ಮೇಷ್ಟ್ರು ಅಳಿಸಿದ್ರು. ಆದ್ರೂ ತಟ್ಟಿಬಿಡ್ತು."

ಸರ್ವಮಂಗಳ ಗಂಟು ಬಿಚ್ಚಿದಳು. ಗಂಡನ ಹಾಳೆಯನ್ನು ಅಕ್ಷರದ ಬಾಗಿನಿಂದಲೇ ಗುರುತಿಸಿದಳು. ಕವಿತೆ, ಹೊಳೆಗೆ ದೋಣಿ ಇಳಿಸಿದ ಅಂಬಿಗನದು. ಹೆಂಡತಿ ದಡದಲ್ಲಿ ದೀಪ ಇಟ್ಟು ಕಾಯುತ್ತಾಳೆ. ಅಂಚಿನಲ್ಲಿ ಎಳೆಯ ಅಕ್ಷರ ಹಾಗೇ ಇತ್ತು, ಒಂದು ಗೀಟೂ ಮಾಸದೆ: "ದೀಪದ ಬಗ್ಗೆ ಬರೆದದ್ದು ಹಿಡಿಸಿತು. ಆದರೆ ಕವಿತೆಯ ಕಡೆಯ ಸಾಲು ನೋಡಿ. ಅವನು ಬರುವುದಿಲ್ಲ."

ಅಳಿಸಿದ್ದು ಬೇರೆ ಸಾಲು. ಬೆಳಕಿಗೆ ಹಿಡಿದರೆ ಕೆಳಗಿನ ಗುರುತು ಕಾಣುತ್ತಿತ್ತು: ಬೆಳಗಾಗುವಷ್ಟರಲ್ಲಿ ಅಂಬಿಗ ಬಂದ. ಅದರ ಮೇಲೆ ಹೊಸದಾಗಿ ಬರೆದಿತ್ತು: "ಅಂಬಿಗ ಬರಲಿಲ್ಲ. ಅವಳು ದೀಪಕ್ಕೆ ಎಣ್ಣೆ ಹಾಕುತ್ತಲೇ ಇದ್ದಳು."

ಅವಳು ಅದನ್ನು ಎರಡು ಸಲ ಓದಿದಳು. ಆಮೇಲೆ ಹುಡುಗಿಗೆ ತೋರಿಸಿದಳು.

"ನಿನ್ನ ಮಾತನ್ನು ಅಳಿಸಿಲ್ಲ, ಭೀಮಕ್ಕ. ತಮ್ಮದನ್ನು ಅಳಿಸಿಕೊಂಡಿದ್ದಾರೆ."

"ಜ್ವರ ಬೆಳಿಗ್ಗೇನೇ ಇತ್ತವ್ವಾ," ಎಂದರು ಜಮಾದಾರರು. "ನೀನು ಬರ್ದಿದ್ದು ಆಮೇಲೆ. ಆಮೇಲೆ ಬಂದ ಮಾತು, ಮೊದ್ಲೇ ಬಂದ ಜ್ವರಾನ ಹೆಂಗೆ ತರತೈತಿ?"

ಯಾರೂ ನಗಲಿಲ್ಲ. ಚಿತ್ತಪ್ಪನವರು ಎದ್ದು, ಮಾರಪ್ಪನ ಎದೆಯ ಮೇಲೆ ಓರೆಯಾಗಿದ್ದ ಬಿಲ್ಲೆಯನ್ನು ತಾವೇ ನೆಟ್ಟಗೆ ಮಾಡಿ ಹೊರಗೆ ಹೋದರು.

ಮಕ್ಕಳು ಚದುರಿದ ಮೇಲೆ ಸರ್ವಮಂಗಳ ಸೆರಗಿನ ಗಂಟು ಬಿಚ್ಚಿದಳು. ರಬ್ಬರಿನ ಒಂದು ಮೂಲೆ ಸವೆದಿತ್ತು.

"ಇಸಕೊಂಡದ್ದನ್ನು ಕೊಡಲು ಅವರಿಗೆ ಆಗಲಿಲ್ಲ," ಎಂದಳು. "ತಗೋ."

ಭೀಮಕ್ಕ ಕೈ ನೀಡಲಿಲ್ಲ. ಸರ್ವಮಂಗಳ ಬಗ್ಗಿ ಆ ಕರಿದಾರವನ್ನು ಅವಳ ಕೊರಳಿಗೆ ಹಾಕಿದಳು.