ಜುಬಿಲಿ ಟೆರೇಸಿನ ಕರಿ ಡಬ್ಬಗಳು

ಜುಬಿಲಿ ಟೆರೇಸಿನವರಿಗೆ ಕೌನ್ಸಿಲ್ ಮೇಲೆ ಸಿಟ್ಟು ಬಂದರೆ ಮೊದಲು ಎಲ್ಲಿಸ್ ಸಟ್‌ಕ್ಲಿಫ್‌ನ ಬಾಗಿಲು ತಟ್ಟುತ್ತಿದ್ದರು. ಬೈಯುವ ಕೆಲಸವನ್ನು ಇಡೀ ಬೀದಿ ಅವನಿಗೆ ಗುತ್ತಿಗೆ ಕೊಟ್ಟಿತ್ತು. ಬಸ್ ಓಡಿಸಿ ನಿವೃತ್ತನಾದ ಒಂಟಿ ಮುದುಕ. ಸ್ಕೆಲ್‌ಡೆನ್ ಊರಿನ ಕೌನ್ಸಿಲ್ಲಿನ ಒಂದು ಸಭೆಯನ್ನೂ ತಪ್ಪಿಸಿದವನಲ್ಲ.

ಆ ಗುರುವಾರ ಬೆಳಿಗ್ಗೆ ಬಾಗಿಲು ತಟ್ಟಿದವಳು ಪಕ್ಕದ ಮನೆಯ ಮೇವಿಸ್ ಟಾರ್ಡಾಫ್. ಬೀದಿಯ ಕೊನೆಯಲ್ಲಿ ಸಾಲಾಗಿ ನಿಲ್ಲಿಸಿದ್ದ ಕಸದ ಡಬ್ಬಗಳಲ್ಲಿ ಒಂದನ್ನೂ ಮುಟ್ಟದೆ ಲಾರಿ ಹೊರಟುಹೋಗಿತ್ತು. ಮೇವಿಸ್‌ಗೆ ಮೈಯೆಲ್ಲ ಉರಿ. ತಟ್ಟಿದರೆ ಉತ್ತರವಿಲ್ಲ. ಹಿಡಿ ತಿರುಗಿಸಿದಳು, ಬಾಗಿಲು ತೆರೆಯಿತು. ಎಲ್ಲಿಸ್ ಅಡುಗೆಮನೆಯ ನೆಲದ ಮೇಲೆ ಬೋರಲು ಬಿದ್ದಿದ್ದ. ತಲೆಯ ಹಿಂಭಾಗ ಒಡೆದಿತ್ತು. ಮೇಜಿನ ಮೇಲೆ ಎರಡು ಲೋಟ ಟೀ ಆರಿ ತಣ್ಣಗಾಗಿತ್ತು.

ಇನ್‌ಸ್ಪೆಕ್ಟರ್ ಗ್ಲೆನಿಸ್ ಹಾಲ್‌ರಾಯ್ಡ್ ಬಂದಾಗ ಚಳಿಗೆ ಅವಳ ಮೊಣಕಾಲು ನೋಯುತ್ತಿತ್ತು. ಠಾಣೆಯಲ್ಲಿ ಅರ್ಧ ಜನ ಇಲ್ಲ. ಇದ್ದವರಲ್ಲಿ ಅರ್ಧ ಜನ ರಜೆ. ಮೂರು ಊರಿಗೆ ಸೇರಿ ಒಬ್ಬನೇ ಲ್ಯಾಬ್ ತಜ್ಞ. ಅವನು ಬೇರೆ ಊರಿನವನು. ಬಂದಾಗಿನಿಂದ ಗಡಿಯಾರ ನೋಡಿಕೊಳ್ಳುತ್ತಿದ್ದ.

"ಟೀ ಮಾಡಿ ಕೂರಿಸಿದ್ದಾನೆ ಅಂದ್ರೆ ಗೊತ್ತಿರೋರೇ ಬಂದಿದ್ದು" ಎಂದಳು ಹಾಲ್‌ರಾಯ್ಡ್. "ಯಾವುದರಲ್ಲಿ ಹೊಡೆದಿದ್ದಾರೆ?"

"ಭಾರವಾದ ಕಬ್ಬಿಣ" ಎಂದ ತಜ್ಞ. "ಮನೆಯೊಳಗೆ ಸಿಗಲಿಲ್ಲ."

"ಕಸದ ಡಬ್ಬ ನೋಡಿದ್ರಾ?"

"ಲಾರಿ ಬೆಳಿಗ್ಗೆನೇ ಬಂದು ಹೋಗಿದೆಯಂತೆ ಮೇಡಂ. ಇನ್ನೇನಿರುತ್ತೆ ಡಬ್ಬದಲ್ಲಿ?"

ಹೊಸ್ತಿಲ ಬಳಿ ಮೇವಿಸ್ ಅಳುತ್ತಲೇ ಬೈಯುತ್ತಿದ್ದಳು. "ಬಾಗಿಲಿಗೆ ಒತ್ತು ಕೊಡ್ತಿದ್ದ ಕಬ್ಬಿಣದ ಕುರಿ ಬೊಂಬೆ ಕಾಣ್ತಿಲ್ಲ ನೋಡಿ. ಅವರಮ್ಮಂದು ಅದು. ಅಯ್ಯೋ, ಕಸ ಎತ್ತಿಲ್ಲ ಅಂತ ಹೇಳೋಕೆ ಬಂದೆ ಕಣಮ್ಮ. ತೆರಿಗೆ ಮಾತ್ರ ವರ್ಷ ವರ್ಷ ಏರಿಸ್ತಾರೆ!"

ಕಸದ ಮಾತು ಹಾಲ್‌ರಾಯ್ಡಳ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಹಿಂದಿನ ರಾತ್ರಿ ಅವಳು ಸರಿಯಾಗಿ ಮಲಗಿರಲಿಲ್ಲ.

"ನಿನ್ನೆ ಸಂಜೆ ಯಾರನ್ನಾದ್ರೂ ನೋಡಿದ್ರಾ ಮೇವಿಸ್?"

ಮೇವಿಸ್ ತಡವರಿಸಿದಳು. ಆಮೇಲೆ ದನಿ ತಗ್ಗಿಸಿದಳು. "ಕ್ರೇಗ್ ಅಟ್ಲಿ ಬಂದು ಬಾಗಿಲು ತಟ್ತಾ ಇದ್ದ. ಕತ್ತಲಾದ ಮೇಲೆ. ಮಂಗಳವಾರದ ಜಗಳ ನಿಮಗೂ ಗೊತ್ತಲ್ಲ."

*

ಮಂಗಳವಾರದ ಜಗಳ ಊರಿಗೆಲ್ಲ ಗೊತ್ತಿತ್ತು. ತೆರಿಗೆ ಏರಿಸುವ ಮುಂಚೆ ಜನರ ಮಾತು ಕೇಳುವ ಶಾಸ್ತ್ರಕ್ಕೆ ಕೌನ್ಸಿಲ್ ಒಂದು ಸಭೆ ಕರೆದಿತ್ತು. ಲಂಡನ್ನಿನ ಸರ್ಕಾರ ಅನುದಾನ ಕತ್ತರಿಸಿ ಕೈತೊಳೆದುಕೊಂಡಿತ್ತು, ಬೇಕಾದರೆ ನಿಮ್ಮ ಜನರ ಹತ್ತಿರ ವಸೂಲಿ ಮಾಡಿಕೊಳ್ಳಿ ಎಂದಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ತೆರಿಗೆ ಏರಿದರೆ ಅಂಗವಿಕಲರನ್ನು ಹಗಲು ನೋಡಿಕೊಳ್ಳುವ ಲಾಂಗ್‌ಕ್ರಾಫ್ಟ್ ಸೆಂಟರ್ ಉಳಿಯುತ್ತದೆ, ಏರದಿದ್ದರೆ ಏಪ್ರಿಲ್‌ನಲ್ಲಿ ಬೀಗ. ಕ್ರೇಗ್‌ನ ಮಗಳು ಬೆಥನಿ ಹಗಲೆಲ್ಲ ಇರುವುದು ಅಲ್ಲೇ. ಹತ್ತೊಂಬತ್ತು ವರ್ಷ, ಮಾತು ಬಾರದು, ಊಟವನ್ನೂ ಯಾರಾದರೂ ಮಾಡಿಸಬೇಕು. ತಾಯಿ ಎಂದೋ ಬಿಟ್ಟುಹೋಗಿದ್ದಳು.

"ನನ್ನ ಪಿಂಚಣಿಯಲ್ಲಿ ಹೀಟರ್ ಹಾಕ್ಲಾ, ತೆರಿಗೆ ಕಟ್ಲಾ?" ಎಂದು ಎಲ್ಲಿಸ್ ಎದ್ದು ಕೇಳಿದ್ದ. ಸಭೆ ಚಪ್ಪಾಳೆ ತಟ್ಟಿತ್ತು. ಕ್ರೇಗ್ ಕುರ್ಚಿ ಒದ್ದು ಎದ್ದಿದ್ದ. "ನಿನ್ನ ಹೀಟರ್‌ಗೋಸ್ಕರ ನನ್ನ ಮಗಳು ಬೀದಿಗೆ ಬೀಳಬೇಕೇನೋ ಮುದುಕ? ನಿನ್ನ ಸುಮ್ನೆ ಬಿಡಲ್ಲ!"

ಈಗ ಅದೇ ಕ್ರೇಗ್ ಹಾಲ್‌ರಾಯ್ಡಳ ಎದುರು ಕುಳಿತಿದ್ದ. ಹಳೆಯ ಠಾಣೆಯನ್ನು ಮಾರಿಯಾಗಿತ್ತು. ವಿಚಾರಣೆ ನಡೆಯುವುದು ತಗಡಿನ ಕೋಣೆಯಲ್ಲಿ. ಕಸದ ಲಾರಿಯ ಹಳದಿ ಜಾಕೆಟ್ಟನ್ನು ಅವನು ಇನ್ನೂ ಬಿಚ್ಚಿರಲಿಲ್ಲ. ಲಾರಿಯಿಂದಲೇ ಅವನನ್ನು ಇಳಿಸಿ ಕರೆತಂದಿದ್ದರು.

"ಬಾಗಿಲು ಯಾಕೆ ತಟ್ಟಿದೆ?"

"ಕ್ಷಮೆ ಕೇಳೋಕೆ."

"ನಂಬಬೇಕಾ ನಾನು?"

"ನಂಬಬೇಡಿ ಮೇಡಂ. ಯಾರು ನಂಬ್ತಾರೆ? ಸಭೆಯಲ್ಲಿ ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ಆದ್ರೆ ಮುದುಕ ಹೇಳಿದ್ದರಲ್ಲಿ ಸುಳ್ಳೇನಿತ್ತು? ಅವನ ಹತ್ರನೂ ಇಲ್ಲ, ನನ್ನ ಹತ್ರನೂ ಇಲ್ಲ. ಇಲ್ಲದೋರಿಬ್ರು ಬಡಿದಾಡಿದ್ವಿ, ಇರೋರು ನೋಡ್ತಾ ಕೂತಿದ್ರು. ಬಾಗಿಲು ತೆಗೀಲಿಲ್ಲ ಅಂತ ವಾಪಸ್ ಹೋದೆ. ಬೆಥ್ ಎಲ್ಲಿ?"

"ಸೆಂಟರಿನವರು ಈ ರಾತ್ರಿ ನೋಡ್ಕೋತಾರೆ."

"ನಾಳೆ?"

ನಾಳೆಯ ಸಂಗತಿ ಹಾಲ್‌ರಾಯ್ಡಳಿಗೆ ಗೊತ್ತಿತ್ತು. ತಂದೆ ಹೊರಗೆ ಬರದಿದ್ದರೆ ಶುಕ್ರವಾರ ಸಂಜೆ ಆರಕ್ಕೆ ಸಮಾಜ ಕಲ್ಯಾಣದವರ ಕಾರು ಬರುತ್ತದೆ. ಹುಡುಗಿಯನ್ನು ಸಮುದ್ರದ ದಡದ ಯಾವುದೋ ಊರಿನ ಆಶ್ರಮಕ್ಕೆ ಸೇರಿಸುತ್ತಾರೆ. ಒಮ್ಮೆ ಹಾಗೆ ಹೋದವರು ಹಿಂದಿರುಗಿದ್ದನ್ನು ಅವಳು ನೋಡಿರಲಿಲ್ಲ. ಸೂಪರಿಂಟೆಂಡೆಂಟ್‌ಗೆ ಫೋನ್ ಮಾಡಿದರೆ ಸಿಕ್ಕಿದ್ದು ಒಂದೇ ಉತ್ತರ. "ಬೇರೆಯವನನ್ನ ಹಿಡಿದು ತನ್ನಿ, ಇವನನ್ನ ಬಿಡೋಣ."

*

ಶುಕ್ರವಾರ ಬೆಳಿಗ್ಗೆ ಕೆಲಸಕ್ಕೆ ಹೊರಟ ಹಾಲ್‌ರಾಯ್ಡ್ ತನ್ನದೇ ಮನೆಯ ಗೇಟಿನ ಹತ್ತಿರ ಎಡವಿದಳು. ಅಡ್ಡ ಬಿದ್ದಿದ್ದು ಕಾಗದ, ಬಾಟಲಿ ಹಾಕುವ ನೀಲಿ ಡಬ್ಬ. ನಿನ್ನೆ ಲಾರಿ ಬಂದು ಖಾಲಿ ಮಾಡಿತ್ತು. ಬೈದುಕೊಂಡು ಒಳಗೆ ತಳ್ಳಿದಳು.

ಜುಬಿಲಿ ಟೆರೇಸಿನ ಕೊನೆಯಲ್ಲಿ ಕಾರು ನಿಲ್ಲಿಸಿದಾಗ ಎದುರಿಗೆ ಡಬ್ಬಗಳ ಸಾಲು. ಎಲ್ಲ ತುಂಬಿವೆ. ಎಲ್ಲವೂ ಕರಿ.

ಅವಳು ಕಾರಿನಲ್ಲೇ ಕುಳಿತಳು. ಉಳಿತಾಯದ ಹೆಸರಿನಲ್ಲಿ ಕೌನ್ಸಿಲ್ ಕರಿ ಡಬ್ಬದ ಕಸವನ್ನು ಮೂರು ವಾರಕ್ಕೊಮ್ಮೆ ಮಾತ್ರ ಎತ್ತುತ್ತಿತ್ತು. ಉಳಿದ ವಾರ ನೀಲಿ, ಈ ವಾರವೂ ನೀಲಿ. ಲಾರಿಯವರು ಸೋಮಾರಿಗಳಲ್ಲ. ತಪ್ಪಿದ್ದು ಬೀದಿ. ಅದೂ ಇಡೀ ಬೀದಿ.

ಮೇವಿಸ್‌ಳನ್ನು ಕೇಳಿದಳು. "ಕರಿ ಡಬ್ಬ ಅಂತ ನಿಮಗೆ ಯಾರು ಹೇಳಿದ್ದು?"

"ಯಾರು ಹೇಳ್ಬೇಕು? ಎಲ್ಲಿಸ್ ಯಾವುದು ಇಡ್ತಾನೋ ನಾವೂ ಅದೇ. ಯಾವ ವಾರ ಯಾವ ಬಣ್ಣ ಅಂತ ನೆನಪಿಟ್ಟುಕೊಳ್ಳೋಕೆ ಯಾರಿಗೆ ಪುರುಸೊತ್ತಿದೆ? ಬುಧವಾರ ಕತ್ತಲಾಗೋ ಹೊತ್ತಿಗೆ ಅವನ ಕರಿ ಡಬ್ಬ ನಿಂತಿತ್ತು. ನಾನಿಟ್ಟೆ. ನನ್ನ ನೋಡಿ ಆಚೆಮನೆಯೋರು ಇಟ್ಟರು."

"ಎಲ್ಲಿಸ್ ಯಾವತ್ತಾದ್ರೂ ತಪ್ಪಿದ್ದಾನಾ?"

"ಅವನಾ?" ಮೇವಿಸ್ ಕಣ್ಣರಳಿಸಿದಳು. "ಬೇರೆಯೋರು ತಪ್ಪಿದ್ರೆ ಮನೆಗೆ ಬಂದು ಪಾಠ ಮಾಡ್ತಿದ್ದ ಕಣಮ್ಮ."

ಎಲ್ಲಿಸ್ ಇಟ್ಟಿಲ್ಲ. ಹಾಗಾದರೆ ಅವನ ಡಬ್ಬವನ್ನು ಇನ್ಯಾರೋ ಇಟ್ಟಿದ್ದಾರೆ. ಬೆಳಿಗ್ಗೆ ಲಾರಿ ಬಂದು ಕೊಂಡೊಯ್ಯಲಿ ಎಂದು ಇಟ್ಟಿದ್ದಾರೆ.

ಹಾಲ್‌ರಾಯ್ಡ್ ಎಲ್ಲಿಸ್‌ನ ಡಬ್ಬ ಹುಡುಕಿ ಮುಚ್ಚಳ ತೆಗೆದಳು. ಮೂರು ಚೀಲಗಳ ಕೆಳಗೆ, ಹಳೆಯ ಟವೆಲಿನಲ್ಲಿ ಸುತ್ತಿಟ್ಟ ಕಬ್ಬಿಣದ ಕುರಿ ಸಿಕ್ಕಿತು. ಜೊತೆಗೆ ಕಂದು ಬಣ್ಣದ ಮೆತ್ತನೆಯ ಚರ್ಮದ ಕೈಗವಸು. ಎರಡಕ್ಕೂ ರಕ್ತ ಅಂಟಿತ್ತು. ಈ ಬೀದಿಯಲ್ಲಿ ಅಂಥ ಕೈಗವಸು ಹಾಕುವವರಿಲ್ಲ.

ಕಸದ ಲಾರಿಯ ಕೆಲಸದವನು ಬಣ್ಣ ತಪ್ಪುವುದಿಲ್ಲ. ಅಷ್ಟರಮಟ್ಟಿಗೆ ಕ್ರೇಗ್ ಪಾರಾದ. ಆದರೆ ಸೂಪರಿಂಟೆಂಡೆಂಟ್‌ಗೆ ಅಷ್ಟು ಸಾಲದು.

"ಮೇವಿಸ್, ಎಲ್ಲಿಸ್‌ಗೆ ಬೇರೆ ಯಾರ ಮೇಲಾದ್ರೂ ಸಿಟ್ಟಿತ್ತಾ?"

"ನಮ್ಮ ವಾರ್ಡಿನ ಕೌನ್ಸಿಲರ್ ಫೆನ್‌ವಿಕ್ ಮೇಲೆ. ಹಣಕಾಸು ನೋಡ್ಕೋತಾರಲ್ಲ, ರಾಡ್ರಿಕ್ ಫೆನ್‌ವಿಕ್ ಸಾಹೇಬ್ರು. ಶುಕ್ರವಾರ ತುಂಬಿದ ಬಜೆಟ್ ಸಭೆಯಲ್ಲಿ ಒಂದೇ ಒಂದು ಪ್ರಶ್ನೆ ಕೇಳ್ತೀನಿ, ಸಾಹೇಬ್ರು ಬಾಯಿಗೆ ಬೀಗ ಹಾಕ್ಕೊಂಡು ಮನೆಗೆ ಹೋಗ್ತಾರೆ ಅಂತಿದ್ದ. ಏನು ಪ್ರಶ್ನೆ ಅಂದ್ರೆ ಹೇಳ್ತಿರಲಿಲ್ಲ."

*

ಫೆನ್‌ವಿಕ್‌ನ ಅಧಿಕೃತ ವಿಳಾಸ ಎರಡು ಬೀದಿ ಆಚೆ. ಮುಚ್ಚಿದ ಬೇಕರಿಯ ಮೇಲಿನ ಫ್ಲ್ಯಾಟ್. ಹಾಲ್‌ರಾಯ್ಡ್ ಗಂಟೆ ಒತ್ತಿದಳು. ಅದು ಕೆಟ್ಟಿತ್ತು. ಹಿತ್ತಲಿಗೆ ಹೋದಳು. ಗೋಡೆಗೆ ಆನಿಸಿ ಎರಡು ಡಬ್ಬ ನಿಂತಿದ್ದವು, ಒಂದು ಕರಿ, ಒಂದು ನೀಲಿ. ಚಕ್ರಗಳ ಸುತ್ತ ಹುಲ್ಲು ಬೆಳೆದಿತ್ತು. ಮುಚ್ಚಳ ಎತ್ತಿದರೆ ಒಳಗೆ ಜೇಡರ ಬಲೆ. ಬಲೆ ಬಿಟ್ಟರೆ ಏನೂ ಇಲ್ಲ.

ಕಸವೇ ಹುಟ್ಟದ ಮನೆಯಲ್ಲಿ ಮನುಷ್ಯ ಇರುವುದಿಲ್ಲ. ಡಬ್ಬಗಳ ಮೇಲೆ ಕಣ್ಣಿಟ್ಟಿದ್ದ ಎಲ್ಲಿಸ್‌ಗೆ ಇದು ಕಾಣದೆ ಇದ್ದೀತೇ?

ಸಂಜೆಯ ಹೊತ್ತಿಗೆ ಉಳಿದದ್ದೂ ತಿಳಿಯಿತು. ಫೆನ್‌ವಿಕ್ ವಾಸ ಗುಡ್ಡದ ಆಚೆಯ ಹಳ್ಳಿಯಲ್ಲಿ. ದೊಡ್ಡ ಮನೆ, ಬೇರೆ ಕೌನ್ಸಿಲ್. ಅಲ್ಲಿ ತೆರಿಗೆ ಕಡಿಮೆ, ಕರಿ ಡಬ್ಬ ವಾರವಾರವೂ ಎತ್ತುತ್ತಾರೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

*

ಬಜೆಟ್ ಸಭೆ ನಡೆಯಲಿದ್ದ ಟೌನ್ ಹಾಲ್ ಮುಂದೆ ಜನ ಫಲಕ ಹಿಡಿದು ನಿಂತಿದ್ದರು. ತೆರಿಗೆ ಬೇಡ ಎನ್ನುವವರು ಈ ಕಡೆ, ಸೆಂಟರ್ ಉಳಿಸಿ ಎನ್ನುವವರು ಆ ಕಡೆ. ನಡುವೆ ಒಬ್ಬನೇ ಪೇದೆ. ಬಾಗಿಲಲ್ಲಿ ಎಲ್ಲರ ಚೀಲವನ್ನೂ ತಡಕಿ ನೋಡಿ ಒಳಗೆ ಬಿಡುತ್ತಿದ್ದರು. ಒಂದು ವಾರದಿಂದ ಹಾಗೆಯೇ.

ಫೆನ್‌ವಿಕ್ ಪಕ್ಕದ ಕೋಣೆಯಲ್ಲಿ ಒಬ್ಬನೇ ಭಾಷಣ ಓದಿಕೊಳ್ಳುತ್ತಿದ್ದ. ಚಳಿಗೆ ಒಡೆದ ಕೈಗಳನ್ನು ಉಜ್ಜಿಕೊಳ್ಳುತ್ತಿದ್ದ.

"ಕೂತ್ಕೊಳ್ಳಿ ಇನ್‌ಸ್ಪೆಕ್ಟರ್. ಪಾಪ, ಎಲ್ಲಿಸ್. ನನ್ನನ್ನ ಎಷ್ಟು ಬೈದ್ರೂ ಒಳ್ಳೆ ಮನುಷ್ಯ."

"ಒಂದು ಸಣ್ಣ ವಿಷಯ ಸಾರ್. ಈ ಗುರುವಾರ ನಿಮ್ಮ ಫ್ಲ್ಯಾಟಿನ ಮುಂದೆ ಯಾವ ಡಬ್ಬ ಇಟ್ರಿ?"

"ಕರಿ ಡಬ್ಬ" ಎಂದ ಅವನು ತಡಮಾಡದೆ. "ಗುರುವಾರ ತಾನೇ ಕಸ ಎತ್ತೋದು?"

ಹಾಲ್‌ರಾಯ್ಡಳಿಗೆ ಗೆದ್ದ ಸಂತೋಷವೇನೂ ಆಗಲಿಲ್ಲ. ಕಾಲು ನೋಯುತ್ತಿತ್ತು, ಕುರ್ಚಿ ಎಳೆದು ಕುಳಿತಳು.

"ಈ ವಾರ ನೀಲಿ ಸಾರ್. ಊರಲ್ಲಿ ಒಬ್ಬೊಬ್ಬರು ಮರೀತಾರೆ, ಆದ್ರೆ ಇಡೀ ಜುಬಿಲಿ ಟೆರೇಸ್ ಒಟ್ಟಿಗೆ ಮರೀತು. ಯಾಕಂದ್ರೆ ಅವರೆಲ್ಲ ನೋಡ್ಕೊಂಡು ಇಡೋದು ಎಲ್ಲಿಸ್ ಡಬ್ಬವನ್ನ. ಅದನ್ನ ಇಟ್ಟಿದ್ದು ನೀವು. ಬುಧವಾರ ಇಲ್ಲಿ ನಿಮ್ಮ ಪಕ್ಷದ ಮೀಟಿಂಗ್ ಇತ್ತು. ಬರೋ ದಾರಿಯಲ್ಲಿ ಅವನ ಮನೆಗೆ ಹೋದ್ರಿ. ಮುದುಕ ಟೀ ಮಾಡಿ ಕೊಟ್ಟ. ನೀವು ಈ ಊರಲ್ಲೇ ಇಲ್ಲ, ವಿಳಾಸ ಸುಳ್ಳು ಅಂತ ಶುಕ್ರವಾರ ಎಲ್ಲರೆದುರು ಹೇಳ್ತೀನಿ ಅಂದ. ಸೀಟೂ ಹೋಗುತ್ತೆ, ಜೈಲೂ ಆಗಬಹುದು. ಅವನು ಬೆನ್ನು ತಿರುಗಿಸಿದಾಗ ಕುರಿ ಕೈಗೆ ಸಿಕ್ತು. ರಕ್ತ ಹತ್ತಿದ್ದನ್ನ ಇಲ್ಲಿಗೆ ತರೋ ಹಾಗಿಲ್ಲ, ಬಾಗಿಲಲ್ಲಿ ಚೀಲ ನೋಡ್ತಾರೆ. ಹೇಗೂ ಬೆಳಿಗ್ಗೆ ಲಾರಿ ಬರುತ್ತೆ ಅಂತ ಕರಿ ಡಬ್ಬಕ್ಕೆ ಹಾಕಿ ಬೀದಿ ಕೊನೆಗೆ ನಿಲ್ಲಿಸಿದ್ರಿ. ಲಾರಿ ಬಂತು, ಮುಟ್ಟಲಿಲ್ಲ. ಕೈಗವಸು ಲ್ಯಾಬಿಗೆ ಹೋಗಿದೆ. ಒಳಗಿನ ಬೆವರು ಯಾರದು ಅಂತ ಅವರು ಹೇಳ್ತಾರೆ."

ಫೆನ್‌ವಿಕ್ ಭಾಷಣದ ಹಾಳೆಗಳನ್ನು ಮಡಿಸಿಟ್ಟ. ಆಮೇಲೆ ಒಂಥರಾ ನಕ್ಕ.

"ಮೂರು ವಾರಕ್ಕೊಮ್ಮೆ ಅನ್ನೋ ಆ ನಿರ್ಣಯ ಮಂಡಿಸಿದ್ದೇ ನಾನು."

"ಗೊತ್ತು ಸಾರ್. ನಾನೂ ಅವತ್ತು ನಿಮ್ಮನ್ನ ಬೈದಿದ್ದೆ."

"ಬೇಡಿಕೊಂಡೆ ಇನ್‌ಸ್ಪೆಕ್ಟರ್. ಬಜೆಟ್ ಆಗೋವರೆಗಾದ್ರೂ ಸುಮ್ನಿರು ಅಂದೆ. ಕೇಳಲಿಲ್ಲ." ಅವನು ಗೋಡೆಯ ಗಡಿಯಾರ ನೋಡಿದ. ಆರಕ್ಕೆ ಕಾಲು ಗಂಟೆ ಇತ್ತು. "ಎರಡೂ ಕಡೆ ಮತ ಸಮ, ನಾವು ಗೆಲ್ಲೋದು ಸಭಾಧ್ಯಕ್ಷರ ಹೆಚ್ಚುವರಿ ಮತದಿಂದ. ನನ್ನದೊಂದು ಕಮ್ಮಿಯಾದ್ರೂ ಸೋಲು. ಒಂದು ಗಂಟೆ ಕೊಡಿ. ಕೈಯೆತ್ತಿ ಬಂದುಬಿಡ್ತೀನಿ, ಆಮೇಲೆ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ. ನಾನಿಲ್ಲದಿದ್ರೆ ಬಜೆಟ್ ಬೀಳುತ್ತೆ. ಲಾಂಗ್‌ಕ್ರಾಫ್ಟ್ ಮುಚ್ಚುತ್ತೆ. ನಿಮ್ಮ ಕ್ರೇಗ್‌ನ ಮಗಳು ಹೋಗೋದು ಅಲ್ಲಿಗೇ ತಾನೇ?"

ಕಿಟಕಿಯ ಹೊರಗೆ ಜನ ಕೂಗುತ್ತಿದ್ದರು. ಹಾಲ್‌ರಾಯ್ಡಳ ಕಣ್ಣ ಮುಂದೆ ಇನ್ನೊಂದು ಆರು ಗಂಟೆ ಸುಳಿಯಿತು. ಸೆಂಟರಿನ ಬಾಗಿಲಲ್ಲಿ ನಿಂತ ಕಾರು, ಒಳಗೆ ಬೆಥನಿ. ಈ ಮನುಷ್ಯನನ್ನು ಹಿಡಿದೆ ಎಂದು ಫೋನ್ ಮಾಡದೆ ಆ ಕಾರನ್ನು ತಡೆಯುವಂತಿಲ್ಲ. ಕಾದರೆ ಹುಡುಗಿ ಹೋಗುತ್ತಾಳೆ. ಕಾಯದಿದ್ದರೆ ಸೆಂಟರ್ ಹೋಗುತ್ತದೆ. ಇಂಥ ಲೆಕ್ಕ ಹಾಕುವುದನ್ನು ತನಗೇಕೆ ಬಿಟ್ಟರು ಎಂದು ಅವಳಿಗೆ ಅಳುವೇ ಬಂತು.

"ಏಳಿ ಸಾರ್" ಎಂದಳು. "ಕೊಲೆ ಮಾಡಿದ ಕೈಯನ್ನ ಎತ್ತಿಸಿ ಬಜೆಟ್ ಪಾಸ್ ಮಾಡಿಸೋಕೆ ನನ್ನಿಂದಾಗಲ್ಲ."

ಹಿಂದಿನ ಮೆಟ್ಟಿಲಿಂದ ಅವನನ್ನು ಇಳಿಸಿಕೊಂಡು ಬರುತ್ತಲೇ ಫೋನ್ ಮಾಡಿದಳು. ಕಾರು ಇನ್ನೂ ಹೊರಟಿರಲಿಲ್ಲ.

*

ಠಾಣೆಯ ಮುಂದೆ ಕ್ರೇಗ್ ಮಗಳ ಮುಂದೆ ಮಂಡಿಯೂರಿ ಅವಳ ಕೋಟಿನ ಗುಂಡಿ ಹಾಕುತ್ತಿದ್ದ. ಬೆಥನಿ ಅವನ ಹಳದಿ ಜಾಕೆಟ್ಟನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಎದ್ದು ನಿಲ್ಲುವುದಕ್ಕೆ ಬಿಡುತ್ತಿರಲಿಲ್ಲ.

"ನಿಮ್ಮ ಋಣ ತೀರಿಸೋಕಾಗಲ್ಲ ಮೇಡಂ" ಎಂದ. "ಅದ್ಸರಿ, ವೋಟ್ ಏನಾಯ್ತು?"

ಸುಳ್ಳು ಹೇಳೋಣವೆನಿಸಿತು. ಬೆಳಿಗ್ಗೆ ಪತ್ರಿಕೆಯಲ್ಲಿ ಹೇಗೂ ಬರುತ್ತದೆ.

"ಒಂದು ಮತದಿಂದ ಬಿತ್ತು. ವಿರೋಧ ಪಕ್ಷದವರ ಬಜೆಟ್ ಪಾಸಾಯ್ತು. ತೆರಿಗೆ ಸ್ವಲ್ಪವೇ ಏರುತ್ತೆ, ಸೆಂಟರ್ ಮುಚ್ಚುತ್ತೆ."

"ಒಂದು ಮತ" ಎಂದ ಕ್ರೇಗ್. ಯಾರ ಮತ ಎಂದು ಅವನು ಕೇಳಲಿಲ್ಲ, ಅವಳ ಮುಖ ನೋಡಿಯೇ ತಿಳಿದುಕೊಂಡ. "ವೋಟ್ ಆಗೋವರೆಗೆ ತಡೀಬಹುದಿತ್ತಲ್ವಾ?"

"ತಡೆದಿದ್ರೆ ಇವಳನ್ನ ಆಶ್ರಮಕ್ಕೆ ಕರ್ಕೊಂಡು ಕಾರು ಹೊರಟುಬಿಡ್ತಿತ್ತು ಕ್ರೇಗ್."

ಅವನು ತಲೆಯಾಡಿಸಿದ. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮಗಳ ಟೋಪಿಯನ್ನು ಕಿವಿ ಮುಚ್ಚುವಂತೆ ಎಳೆದು ಸರಿಮಾಡಿದ. ಸೋಮವಾರ ಬೆಳಕು ಹರಿಯುವ ಮುಂಚೆ ಅವನು ಮತ್ತೆ ಲಾರಿ ಹತ್ತಬೇಕಿತ್ತು.

"ಏಪ್ರಿಲ್ ಆದ್ಮೇಲೆ ಇವಳನ್ನ ಎಲ್ಲಿ ಬಿಟ್ಟು ಹೋಗ್ಲಿ ಮೇಡಂ?"

ಹಾಲ್‌ರಾಯ್ಡ್ ನೋಯುವ ಮೊಣಕಾಲನ್ನೇ ಊರಿ, ಬೆಥನಿಯ ಕೋಟಿನ ಕೊನೆಯ ಗುಂಡಿ ಹಾಕಿದಳು.